ಪರದೇಶಿ, ಅತಿಥಿ, ಸಂಗಾತಿ

ಊರು ಬಿಟ್ಟು ಬಂದವರನ್ನು ಏನೆಂದು ಕರೆಯಬೇಕು? ಬೆಂಗಳೂರಿನಲ್ಲೋ ಪುಣೆಯಲ್ಲೋ ದುಬೈಯಲ್ಲೋ ಬಾಡಿಗೆ ಮನೆ ಹಿಡಿದಿರುವ ನಮ್ಮಂಥವರಿಗೆ ಇದು ಬರೀ ಪದಗಳ ಪ್ರಶ್ನೆ ಅನ್ನಿಸುವುದಿಲ್ಲ. ಎರ್ನಾಕುಲಂ ಸುತ್ತಾಡುವಾಗ ನನಗೆ ಇದಕ್ಕೆ ಮೂರು ಉತ್ತರಗಳು ಸಿಕ್ಕವು.

ಮೊದಲನೆಯದು ಸಮುದ್ರದಿಂದ ಬಂದದ್ದು. ಎರ್ನಾಕುಲಂ ಜೆಟ್ಟಿಯಲ್ಲಿ ಬೋಟು ಹತ್ತಿ ಹಿನ್ನೀರು ದಾಟಿದರೆ ಮಟ್ಟಾಂಚೇರಿ. ಅಲ್ಲಿ ಯೆಹೂದಿಗಳು 1568ರಲ್ಲಿ ಕಟ್ಟಿಕೊಂಡ ಪ್ರಾರ್ಥನಾಮಂದಿರದ ಹೆಸರು ಪರದೇಶಿ ಸಿನಗಾಗ್. ಕನ್ನಡದ ಕಿವಿಗೆ ಈ ಹೆಸರು ತುಸು ಚುಚ್ಚುತ್ತದೆ. ನಮ್ಮಲ್ಲಿ ಪರದೇಶಿ ಎಂದರೆ ದಿಕ್ಕುದೆಸೆಯಿಲ್ಲದವನು. ಅಲ್ಲಿ ಹೊರನಾಡಿನಿಂದ ಬಂದವನು, ಅಷ್ಟೇ. ಅರಮನೆಯ ಮಗ್ಗುಲಲ್ಲೇ ಆ ಮಂದಿರಕ್ಕೆ ಜಾಗ ಸಿಕ್ಕಿತ್ತು.

ಹಾಯಿಹಡಗಿನ ಕಾಲದಲ್ಲಿ ಮುಂಗಾರು ಗಾಳಿ ಹಿಡಿದು ಬಂದವರು, ಗಾಳಿ ತಿರುಗುವವರೆಗೆ ತಿಂಗಳುಗಟ್ಟಲೆ ಈ ಕರಾವಳಿಯಲ್ಲಿ ಕಾಯಬೇಕಿತ್ತು. ಕಾಯುವವನಿಗೆ ಅಕ್ಕಿ ಬೇಕು, ನೀರು ಬೇಕು, ನಾಲ್ಕು ಮಾತು ಬೇಕು, ಜ್ವರ ಬಂದರೆ ಕಷಾಯ ಕೊಡುವ ಪಕ್ಕದ ಮನೆ ಬೇಕು. ನೆರೆಹೊರೆಯನ್ನು ಗಾಳಿಯೇ ಕಲಿಸುತ್ತಿತ್ತು. ಪೋರ್ಚುಗೀಸರ ಕಾಟಕ್ಕೆ ಗೋವಾ ಬಿಟ್ಟ ಕೊಂಕಣಿಗರೂ ಇಲ್ಲಿಗೆ ಬಂದು ನೆಲೆಸಿದರು. ಮಲಬಾರಿನ ಗಿಡಮೂಲಿಕೆಗಳ ಬಗ್ಗೆ ಡಚ್ಚರು 1678ರಿಂದ 1693ರವರೆಗೆ 12 ಸಂಪುಟಗಳಲ್ಲಿ ತಂದ 'ಹೊರ್ತುಸ್ ಮಲಬಾರಿಕುಸ್' ಗ್ರಂಥಕ್ಕೆ ಇಲ್ಲಿಯವನೇ ಆದ ಇಟ್ಟಿ ಅಚ್ಯುತನ್ ಜೊತೆ ಕೆಲಸ ಮಾಡಿದವರು ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಮೂವರು ಕೊಂಕಣಿಗರು. ವಲಸೆ ಬಂದ ಸಮುದಾಯದವರು ಆ ನೆಲದ ಗಿಡಗಳಿಗೆ ಸಾಕ್ಷಿ ಹೇಳಿದರು. ನೆಲವನ್ನು ತಮ್ಮದಾಗಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಹೊಳೆಯುವುದಿಲ್ಲ.

ಎರಡನೆಯ ಉತ್ತರ ರೈಲಿನಲ್ಲಿ ಬಂತು. ಇದೇ ಜಿಲ್ಲೆಯ ಪೆರುಂಬಾವೂರಿನ ಪ್ಲೈವುಡ್ ಮಿಲ್ಲುಗಳಲ್ಲಿ ಬಂಗಾಳ, ಅಸ್ಸಾಂ, ಒಡಿಶಾದ ಹುಡುಗರು ದುಡಿಯುತ್ತಾರೆ. ಕೇರಳ ಸರ್ಕಾರ ಇವರಿಗಿಟ್ಟ ಹೆಸರು 'ಅತಿಥಿ ತೊಳಿಲಾಳಿ', ಅಂದರೆ ಅತಿಥಿ ಕಾರ್ಮಿಕ. ಮರ್ಯಾದೆಯ ಮಾತೇ. ಆದರೆ ಅತಿಥಿಗೆ ಊಟ ಹಾಕುತ್ತೇವೆ, ಮನೆಯ ಲೆಕ್ಕಪತ್ರ ತೋರಿಸುವುದಿಲ್ಲ. ಮೂರನೆಯ ದಿನ ಮನೆಯವರು 'ಹೊರಡುವುದು ಯಾವಾಗ?' ಎಂದು ಕೇಳದೇ ಕೇಳುತ್ತಾರೆ. ಸೌಜನ್ಯದ ಪದವೂ ಒಂದು ಗೆರೆ ಎಳೆಯಬಲ್ಲದು.

ಅದೇ ಪೆರುಂಬಾವೂರಿನಲ್ಲಿ 2017ರಲ್ಲಿ ಈ ಕಾರ್ಮಿಕರಿಗೆ ಮಲಯಾಳಂ ಕಲಿಸುವ ಸಾಕ್ಷರತಾ ಯೋಜನೆ ಶುರುವಾಯಿತು. ಅದರ ಹೆಸರು 'ಚಂಗಾತಿ'. ನಮ್ಮ ಸಂಗಾತಿಯ ಒಡಹುಟ್ಟು. ಮೂರನೆಯ ಉತ್ತರ ಇದು. ಅತಿಥಿಗೆ ಯಾರೂ ಅಕ್ಷರ ಕಲಿಸುವುದಿಲ್ಲ. ಜೊತೆಗೆ ಬಾಳಬೇಕಾದವನಿಗೆ ಕಲಿಸುತ್ತಾರೆ, ಅವನೂ ಕಲಿಯುತ್ತಾನೆ.

ಇನ್ನು ನಮ್ಮ ಮಾತು. ಬೆಂಗಳೂರಿನಿಂದ ಬೆಳಗ್ಗೆ ಇಂಟರ್‌ಸಿಟಿ ಹತ್ತಿದರೆ ಸಂಜೆಗೆ ಎರ್ನಾಕುಲಂ. ಶುಕ್ರವಾರ ರಾತ್ರಿ ಸ್ಲೀಪರ್ ಬಸ್ಸು ಹತ್ತಿದರೆ ಶನಿವಾರ ಅಮ್ಮನ ಕೈಯ ಕಾಫಿ. ಗಾಳಿಗಾಗಿ ಕಾಯುವ ಕೆಲಸ ನಮಗಿಲ್ಲ. ಇದು ಸುಖ, ಅನುಮಾನವಿಲ್ಲ. ಆದರೆ ಹಿಂತಿರುಗುವ ಟಿಕೆಟ್ ಸದಾ ಜೇಬಿನಲ್ಲಿರುವವನು ಎಲ್ಲಿದ್ದರೂ ಅತಿಥಿಯಾಗಿಯೇ ಉಳಿದುಬಿಡಬಹುದು. ಕೆರೆ ಬತ್ತಿದರೆ 'ಈ ಊರೇ ಹೀಗೆ' ಎಂದು ಟ್ಯಾಂಕರ್ ತರಿಸುತ್ತಾನೆ. ಹತ್ತು ವರ್ಷ ಕಳೆದರೂ ಅವನ ಮತ ಊರಿನ ಪಟ್ಟಿಯಲ್ಲೇ ಇರುತ್ತದೆ.

'ಎಂದಾದರೂ ಬಿಟ್ಟುಹೋಗುವ ಊರಿಗೆ ಅಷ್ಟೆಲ್ಲ ಯಾಕೆ?' ಎಂದು ನೀವು ಕೇಳಬಹುದು. ಮಟ್ಟಾಂಚೇರಿಯ ಯೆಹೂದಿಗಳಲ್ಲೂ ಹೆಚ್ಚಿನವರು 1948ರ ನಂತರದ ದಶಕಗಳಲ್ಲಿ ಇಸ್ರೇಲಿಗೆ ಹೊರಟುಹೋದರು. ಹೋದರೆಂದು ಅಲ್ಲಿ ಬಾಳಿದ ಶತಮಾನಗಳು ಸುಳ್ಳಾಗಲಿಲ್ಲ. ಎಷ್ಟು ಕಾಲ ಇರುತ್ತೇವೆ ಎಂಬುದು ನಮ್ಮ ಕೈಯಲ್ಲಿಲ್ಲ. ಇರುವಷ್ಟು ದಿನ ಹೇಗಿರುತ್ತೇವೆ ಎಂಬುದು ಇದೆ. ಅಂದು ಗಾಳಿ ಕಟ್ಟಿಹಾಕಿ ಕಲಿಸಿದ್ದನ್ನು ಇಂದು ನಾವೇ ಇಷ್ಟಪಟ್ಟು ಕಲಿಯಬೇಕು. ಬೀದಿಯ ಮರದ ಹೆಸರು, ಕಸ ಒಯ್ಯುವವಳ ಹೆಸರು, ವಾರ್ಡಿನ ಸಭೆಯ ದಿನ. ಇಷ್ಟರಿಂದ ಶುರು ಮಾಡಿದರೂ ಸಾಕು.