ದುಡಿದವನ ರೊಕ್ಕಕ್ಕೆ ವಾಯಿದೆ ಎಷ್ಟು?



ಸಕ್ಕರೆ ಕಾರಖಾನೆಯವರು ಕಬ್ಬಿನ ಬಿಲ್ಲು ತಡಮಾಡಿದಾಗ ನಮ್ಮ ಸೊಲ್ಲಾಪುರ, ಅಕ್ಕಲಕೋಟ ಭಾಗದ ರೈತರಿಗೆ ಸಿಟ್ಟು ಬರುವುದು ನ್ಯಾಯವೇ ಆಗಿದೆ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಮುಟ್ಟಿದ 14 ದಿನಗಳೊಳಗೆ ಹಣ ಸಂದಾಯವಾಗಬೇಕು. ತಪ್ಪಿದರೆ ವರ್ಷಕ್ಕೆ ಶೇಕಡಾ 15ರಂತೆ ಬಡ್ಡಿ ಕೂಡಿಸಿ ಕೊಡಬೇಕು. ಮಠಕ್ಕೆ ಬರುವ ರೈತರು ಈ ಎರಡು ಅಂಕಿಗಳನ್ನು ಬಾಯಿಪಾಠ ಹೇಳುತ್ತಾರೆ. ಆದರೆ ಅದೇ ರೈತರ ಸುಟ್ಟ ಮೋಟಾರನ್ನು ರಾತ್ರಿಯೆಲ್ಲ ಕುಳಿತು ವೈಂಡಿಂಗ್ ಮಾಡಿ ಬೆಳಗಾಗುವುದರೊಳಗೆ ಬಾವಿಗೆ ಇಳಿಸಿಕೊಟ್ಟವನಿಗೆ ಎಷ್ಟು ದಿನದ ವಾಯಿದೆ? "ಕಬ್ಬಿನ ಬಿಲ್ಲು ಬರಲಿ, ನೋಡೋಣ" ಎಂಬುದೇ ಅವನಿಗೆ ದೊರೆಯುವ ಉತ್ತರ. ಈ ಸಂಗತಿಯನ್ನು ಭಕ್ತರ ಮುಂದೆ ಇಡಬೇಕೆಂದು ಬಹಳ ದಿನದಿಂದ ಮನಸ್ಸಿನಲ್ಲಿತ್ತು.

ಲೆಕ್ಕದ ಭಾಷೆಯಲ್ಲಿ ಹೇಳುವುದಾದರೆ, ಕೆಲಸ ಮುಗಿದು ಹಣ ಕೊಡದೆ ಇದ್ದಷ್ಟು ದಿನವೂ ನಾವು ಆ ಕಸುಬುದಾರನಿಂದ ಬಡ್ಡಿಯಿಲ್ಲದ ಸಾಲ ಪಡೆದಂತೆಯೇ. ಅವನೇನು ಸಾಹುಕಾರನಲ್ಲ. ಒಂದು ಕೆಲಸಕ್ಕೆ 6,000 ರೂಪಾಯಿ ಆಯಿತೆಂದು ಇಟ್ಟುಕೊಳ್ಳೋಣ. ಅದರಲ್ಲಿ 3,500 ತಾಮ್ರದ ತಂತಿ, ಬೇರಿಂಗು, ವಾರ್ನಿಶು ಮುಂತಾದ ಸಾಮಾನಿನದು. ಅದನ್ನು ಅವನು ಪೇಟೆಯ ಅಂಗಡಿಗೆ ನಗದು ಕೊಟ್ಟೇ ತಂದಿರುತ್ತಾನೆ. ಉಳಿದ 2,500 ಮಾತ್ರ ಅವನ ಕೂಲಿ. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿಯಂತೆ ಸಾಲ ಎತ್ತಿ ಸಾಮಾನು ತಂದಿದ್ದರೆ, ನಾವು ಮೂರು ತಿಂಗಳು ತಡಮಾಡಿದಾಗ 315 ರೂಪಾಯಿ ಅವನ ಕೂಲಿಯಲ್ಲೇ ಕರಗುತ್ತದೆ. ಇದು ಒಂದು ಮೋಟಾರಿನ ಮಾತು. ಬೇಸಿಗೆಯಲ್ಲಿ ಇಂಥವು ಹತ್ತು ಬಾಕಿ ಬಿದ್ದರೆ, ಹನ್ನೊಂದನೆಯ ಮೋಟಾರಿಗೆ ತಂತಿ ತರಲು ಅವನ ಕೈಯಲ್ಲಿ ಕಾಸೇ ಇರುವುದಿಲ್ಲ. ಆಗ ಆ ಹನ್ನೊಂದನೆಯವನು "ಊರಿನವರನ್ನು ನಂಬಿದರೆ ಹೀಗೆಯೇ" ಎಂದು ಬೈದು, ಟ್ರ್ಯಾಕ್ಟರಿನಲ್ಲಿ ಮೋಟಾರು ಹೇರಿಕೊಂಡು ಸೊಲ್ಲಾಪುರಕ್ಕೆ ಹೋಗುತ್ತಾನೆ. ಅಲ್ಲಿ ಕೇಳಿದಷ್ಟು ನಗದು ಎಣಿಸಿ ಬರುತ್ತಾನೆ. ಪರವೂರಿನವನಿಗೆ ನಗದು, ನಮ್ಮೂರಿನವನಿಗೆ ಉದ್ರಿ! ನೆರೆಯವನೆಂಬ ಸಲಿಗೆಯ ಭಾರವನ್ನೆಲ್ಲ ಅವನೊಬ್ಬನೇ ಹೊರಬೇಕೇ?

ಇಲ್ಲೊಂದು ಪ್ರಾಮಾಣಿಕ ಆಕ್ಷೇಪವೂ ಇದೆ. "ನಮಗೇ ಬರಬೇಕಾದ್ದು ಬಂದಿಲ್ಲ, ಎಲ್ಲಿಂದ ಕೊಡೋಣ?" ಎಂದು ರೈತರು ಕೇಳುತ್ತಾರೆ. ಇದನ್ನು ತಳ್ಳಿಹಾಕುವಂತಿಲ್ಲ. ಇಲ್ಲದ್ದನ್ನು ಕೊಡು ಎಂದು ಯಾವ ಧರ್ಮವೂ ಹೇಳಲಾರದು. ಆದರೆ ಕೆಲಸಕ್ಕೆ ಕರೆಯುವ ಹೊತ್ತಿನಲ್ಲೇ ನಮ್ಮ ಕೈ ಬರಿದಿರುವುದು ನಮಗೆ ಗೊತ್ತಿರುತ್ತದೆ, ಅವನಿಗೆ ಗೊತ್ತಿರುವುದಿಲ್ಲ. ಅದನ್ನು ಮೊದಲೇ ಹೇಳಿದರೆ ಒಪ್ಪುವುದು, ಬಿಡುವುದು ಅವನ ಇಚ್ಛೆ. ಹೇಳದೆ ಕೆಲಸ ಮಾಡಿಸಿಕೊಂಡು ಆಮೇಲೆ ಕಾರಖಾನೆಯ ಕಡೆಗೆ ಬೆರಳು ತೋರಿಸಿದರೆ, ಅವನ ಒಪ್ಪಿಗೆಯಿಲ್ಲದೆ ಅವನಿಂದ ಸಾಲ ಪಡೆದಂತಾಯಿತು. ಕನಿಷ್ಠ ಪಕ್ಷ ಸಾಮಾನಿನ ರೊಕ್ಕವನ್ನಾದರೂ ಮುಂಗಡ ಕೊಟ್ಟು, ಕೂಲಿಗೆ ಇಂಥ ದಿನವೆಂದು ವಾಯಿದೆ ಹೇಳಬೇಕು. ಆ ದಿನ ಆಗದಿದ್ದರೆ ಅವನು ಮನೆಗೆ ಬಂದು ನಿಲ್ಲುವ ಮೊದಲೇ ನಾವು ಹೋಗಿ ತಿಳಿಸಬೇಕು. ಬಾಕಿ ಕೇಳಲು ಬಂದವನಿಗೆ ಚಹಾ ಕೊಟ್ಟು ಊರಿನ ಸುದ್ದಿ ಹೇಳಿ ಕಳಿಸುವ ಜಾಣತನ ನಮ್ಮ ಕಡೆ ಬಹಳವಿದೆ.

ವ್ಯಾಪಾರಿ ಭಕ್ತರಿಗೆ ಈಗ ಕಾನೂನೇ ಈ ಮಾತು ಹೇಳುತ್ತಿದೆ. ನೋಂದಣಿಯಾದ ಅತಿ ಸಣ್ಣ, ಸಣ್ಣ ಉದ್ದಿಮೆಯವರಿಂದ ಮಾಲು ಅಥವಾ ಕೆಲಸ ಪಡೆದರೆ, ಬರಹದ ಕರಾರು ಇದ್ದಲ್ಲಿ ಹೆಚ್ಚೆಂದರೆ 45 ದಿನ, ಇಲ್ಲದಿದ್ದಲ್ಲಿ 15 ದಿನಗಳೊಳಗೆ ಹಣ ಕೊಡಬೇಕೆಂದು 2006ರ ಕಾಯ್ದೆಯಲ್ಲಿದೆ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳ ಚಕ್ರಬಡ್ಡಿ. 2023ರ ಹಣಕಾಸು ಕಾಯ್ದೆಯಿಂದ ಇನ್ನೊಂದು ಗಂಟು ಬಿದ್ದಿತು. ಆ ವಾಯಿದೆಯೊಳಗೆ ಕೊಡದ ಹಣವನ್ನು ಕೊಟ್ಟ ವರ್ಷದಲ್ಲಿ ಮಾತ್ರ ಆದಾಯ ತೆರಿಗೆಯ ಲೆಕ್ಕದಲ್ಲಿ ಖರ್ಚೆಂದು ಹಿಡಿಯಬಹುದು. ಇದು ಜಾರಿಯಾದ ಮೇಲೆ ಮಾರ್ಚ್ ಬಂದರೆ ಪೇಟೆಯಲ್ಲಿ ಬಾಕಿ ತೀರಿಸುವ ಅವಸರ ಕಾಣುತ್ತಿದೆ. ಸಂತೋಷ. ಆದರೆ ನಮ್ಮ ಬಡಿಗೇರ, ಗವಂಡಿ, ಕಂಬಾರ, ಸಿಂಪಿಗರಲ್ಲಿ ನೋಂದಣಿ ಕಾಗದ ಎಷ್ಟು ಜನರ ಹತ್ತಿರ ಇದ್ದೀತು? ಕಾಗದವಿದ್ದವನಿಗೆ ಮೊದಲು ಕೊಟ್ಟು ಇಲ್ಲದವನನ್ನು ಕಾಯಿಸುವುದಾದರೆ, ತೆರಿಗೆಯ ಅಂಜಿಕೆಯೊಂದೇ ಕೆಲಸ ಮಾಡಿದಂತಾಯಿತು.

ಹಿಂದಿನ ಆಯದ ಪದ್ಧತಿಯೇ ಚೆನ್ನಾಗಿತ್ತೆಂದು ಕೆಲವು ಹಿರಿಯರು ಹೇಳುವುದುಂಟು. ಮರಾಠಿಯಲ್ಲಿ ಬಲುತೆ ಎನ್ನುವುದೂ ಅದನ್ನೇ. ಸುಗ್ಗಿಯಲ್ಲಿ ಕಣದ ರಾಶಿಯಿಂದ ಬಡಿಗ, ಕಂಬಾರ, ಅಗಸ, ಹಡಪದ ಮುಂತಾದವರ ಪಾಲು ಎತ್ತಿಡುತ್ತಿದ್ದರು. ಬೆಳೆ ಬಂದಾಗಲೇ ಅವರ ಪಾಲನ್ನೂ ತೆಗೆಯುತ್ತಿದ್ದುದು ಅದರಲ್ಲಿನ ಒಳ್ಳೆಯ ಅಂಶ. ಆದರೆ ಹುಟ್ಟಿನಿಂದ ಕಸುಬು, ಕಸುಬಿನಿಂದ ಮೇಲು ಕೀಳು ಎಂಬುದು ಅದರ ಬೆನ್ನಿಗೇ ಇತ್ತು. ಪಾಲು ಸಾಲದೆಂದು ಹೇಳುವ ಬಾಯಿ ಅವರಿಗಿರಲಿಲ್ಲ. ಹನ್ನೆರಡನೆಯ ಶತಮಾನದ ಶರಣರು ಈ ಗಂಟನ್ನೇ ಬಿಚ್ಚಲು ಹೊರಟವರು. ಬಟ್ಟೆ ಮಡಿ ಮಾಡುವ ಮಾಚಯ್ಯ, ಹಗ್ಗ ಹೊಸೆಯುವ ಚಂದಯ್ಯ, ಬುಟ್ಟಿ ಹೆಣೆಯುವ ಕೇತಯ್ಯ, ದೋಣಿ ನಡೆಸುವ ಚೌಡಯ್ಯ ಇವರೆಲ್ಲ ಅದೇ ಕಸುಬಿನ ಹೆಸರಿನಿಂದಲೇ ಅನುಭವ ಮಂಟಪದಲ್ಲಿ ಗೌರವ ಪಡೆದರು. ಅವರ ಹೆಸರನ್ನು ವೇದಿಕೆಯ ಮೇಲೆ ಹೇಳಿ, ಮನೆಯ ಗವಂಡಿಯನ್ನು ಅಂಗಳದಲ್ಲಿ ನಿಲ್ಲಿಸಿ ಏಕವಚನದಲ್ಲಿ ಮಾತನಾಡಿಸುವುದು ನಮ್ಮಲ್ಲಿ ಇನ್ನೂ ಹೋಗಿಲ್ಲ.

ಚೌಕಾಸಿಯ ಬಗ್ಗೆ ಒಂದು ಮಾತು. ಕೆಲಸಕ್ಕೆ ಮೊದಲು ದರ ಕೇಳುವುದರಲ್ಲಿ ತಪ್ಪಿಲ್ಲ. ಮೂರು ಮಂದಿಯನ್ನು ವಿಚಾರಿಸುವುದೂ ತಪ್ಪಲ್ಲ. ಕೆಲಸ ಮುಗಿದ ಮೇಲೆ "ಇಷ್ಟಕ್ಕೆ ಇಷ್ಟೊಂದೇ?" ಎಂದು ನೂರು, ಇನ್ನೂರು ಹಿಡಿಯುವುದು ಬೇರೆ ಸಂಗತಿ. ಗೋಡೆ ಎದ್ದಾಗಿದೆ, ಗವಂಡಿ ಅದನ್ನು ಕಿತ್ತು ಒಯ್ಯಲಾರ. ಬಜಾರದಲ್ಲಿ ತರಕಾರಿಯವಳು ದರ ಸೇರದಿದ್ದರೆ ಬುಟ್ಟಿ ಎತ್ತಿಕೊಂಡು ಹೋಗಬಲ್ಲಳು. ಇವನಿಗೆ ಆ ದಾರಿಯೂ ಇಲ್ಲ.

ಕಸುಬುದಾರರಲ್ಲಿಯೂ ಎಲ್ಲರೂ ಶುದ್ಧರೆಂದು ನಾವು ಹೇಳುವುದಿಲ್ಲ. ನಾಲ್ಕು ಕಡೆ ಮುಂಗಡ ಹಿಡಿದು ಎಲ್ಲಿಗೂ ಹೋಗದವರಿದ್ದಾರೆ. ತಾಮ್ರದ ರೊಕ್ಕ ತೆಗೆದುಕೊಂಡು ಅಲ್ಯುಮಿನಿಯಂ ತಂತಿ ಸುತ್ತುವವರೂ ಇದ್ದಾರೆ. ಕಾಯಕದ ಮಾತು ಅವರಿಗೂ ಸಲ್ಲುತ್ತದೆ. ನಮ್ಮವನೆಂಬ ಕಾರಣಕ್ಕೆ ಕೆಟ್ಟ ಕೆಲಸ ಸಹಿಸಬೇಕಿಲ್ಲ. ಮರಾಠಿಯವನೆಂದೋ, ತೆಲುಗಿನವನೆಂದೋ, ಬೇರೆ ಮತದವನೆಂದೋ ಒಳ್ಳೆಯ ಕೆಲಸಗಾರನನ್ನು ಬಿಡಬೇಕಿಲ್ಲ. ಆದರೆ ತಪ್ಪು ಕಂಡಾಗ ಕರೆದು ತೋರಿಸಿ ಸರಿ ಮಾಡಿಸಿಕೊಳ್ಳಬೇಕು. ಅದನ್ನೇ ನೆಪ ಮಾಡಿ ಪೂರ್ತಿ ಹಣ ತಡೆಹಿಡಿಯುವುದು ಬೇಡ.

ಕೊನೆಗೆ ಮಠದ ಕೆಲಸದ ಬಗ್ಗೆ. ಜಾತ್ರೆಯ ಪೆಂಡಾಲು, ದಾಸೋಹದ ಒಲೆಯ ರಿಪೇರಿ, ರಥದ ಗಾಲಿಯ ಕೆಲಸ ಬಂದಾಗ "ಗುರುಗಳ ಕೆಲಸ, ಸೇವೆ ಎಂದು ಮಾಡಲಿ" ಎಂದು ಕೆಲವು ಭಕ್ತರು ಕಸುಬುದಾರನ ಪರವಾಗಿ ತಾವೇ ಹೇಳಿಬಿಡುತ್ತಾರೆ. ಹತ್ತು ಜನರ ಮುಂದೆ, ಗುರುಗಳ ಸನ್ನಿಧಿಯಲ್ಲಿ, ದಿನಗೂಲಿಯವನು ಇಲ್ಲವೆನ್ನುವುದು ಹೇಗೆ? ಬೇಡಿ ಪಡೆದ ಮೌನವನ್ನು ದಾಸೋಹವೆಂದು ಕರೆಯಲು ನಮಗೆ ಮನಸ್ಸು ಬಾರದು. ಆದುದರಿಂದ ಕಾರ್ಯಾಲಯದಲ್ಲಿ ಒಂದು ರೂಢಿ ಇಟ್ಟುಕೊಂಡಿದ್ದೇವೆ. ಕೆಲಸ ಮುಗಿದ ದಿನವೇ ಲೆಕ್ಕ ಮಾಡಿ, ಸಾಮಾನಿನದು, ಕೂಲಿಯದು ಎರಡನ್ನೂ ಕೈಗೆ ಕೊಟ್ಟು ವೋಚರಿಗೆ ಸಹಿ ಪಡೆಯುತ್ತೇವೆ. ಅವರು ಮನೆಗೆ ಹೋಗಿ, ಹೆಂಡತಿ ಮಕ್ಕಳೊಡನೆ ವಿಚಾರಿಸಿ, ಮರುದಿನವೋ ಮುಂದಿನ ಅಮಾವಾಸ್ಯೆಗೋ ತಾವಾಗಿ ಬಂದು ಏನಾದರೂ ಸಲ್ಲಿಸಿದರೆ, ಅದು ಐವತ್ತು ರೂಪಾಯಿಯಾದರೂ ಸರಿ, ದೊಡ್ಡ ದಾನಿಗಳ ಹೆಸರಿರುವ ಅದೇ ಪುಸ್ತಕದಲ್ಲಿ ಹೆಸರು ಬರೆದು ರಸೀದಿ ಹರಿದು ಕೊಡುತ್ತೇವೆ.