ಕಾಣದ ಕೀಲಿಗೆ ಎಣ್ಣೆ

ಮಾನವನು ಮಾಡುವ ಸತ್ಕಾರ್ಯಗಳಲ್ಲಿ ಎರಡು ಬಗೆಗಳುಂಟು. ಮೊದಲನೆಯ ಬಗೆಯದರ ಫಲ ಕಣ್ಣಿಗೆ ಕಾಣುತ್ತದೆ. ಹಸಿದವನಿಗೆ ಅನ್ನವಿಟ್ಟರೆ ಅವನ ಮುಖ ಅರಳುತ್ತದೆ. ಕೆರೆ ಕಟ್ಟಿಸಿದರೆ ನೀರು ನಿಲ್ಲುತ್ತದೆ. ಶಾಲೆ ತೆರೆದರೆ ಮಕ್ಕಳ ದನಿ ಕೇಳಿಬರುತ್ತದೆ. ಎರಡನೆಯ ಬಗೆಯ ಕಾರ್ಯಕ್ಕೆ ಇಂತಹ ಫಲವಿಲ್ಲ. ಅದು ಚೆನ್ನಾಗಿ ನೆರವೇರಿದಾಗ ಮುರಿಯಬಹುದಾಗಿದ್ದುದು ಮುರಿಯುವುದಿಲ್ಲ, ಬೀಳಬಹುದಾಗಿದ್ದುದು ಬೀಳುವುದಿಲ್ಲ, ಅಷ್ಟೆ. ನಡೆಯದೆ ಹೋದ ಅನಾಹುತಕ್ಕಾಗಿ ಯಾರೂ ಯಾರಿಗೂ ಕೃತಜ್ಞತೆ ಹೇಳುವುದಿಲ್ಲ. ಹಾಗಿರುವಾಗ ಈ ಎರಡನೆಯ ಬಗೆಯ ಕಾರ್ಯವನ್ನು ಧರ್ಮವೆನ್ನಬಹುದೆ, ಅಥವಾ ಅದು ಕೇವಲ ವ್ಯವಹಾರದ ಜಾಣತನವೆ? ಓದುಗ ಬಂಧುಗಳೇ, ಈ ಪ್ರಶ್ನೆಯನ್ನು ವಿಚಾರಿಸುವುದಕ್ಕೆ ದೊಡ್ಡ ನಿದರ್ಶನವೇನೂ ಬೇಕಾಗಿಲ್ಲ. ನಿಮ್ಮಲ್ಲಿ ಬಹುಜನರ ಮನೆಯ ಮುಂದೆ ನಿಂತಿರುವ ಮೋಟಾರ್ ಸೈಕಲ್ಲಿನ ಚೈನು ಸಾಕು.

ನಮ್ಮ ಹಿರಿಯರಿಗೆ ಈ ವಿಷಯ ಹೊಸದಾಗಿರಲಿಲ್ಲ. ಕಂಪ್ಲಿಯ ಗದ್ದೆಗಳಿಂದ ಭತ್ತ ಹೇರಿಕೊಂಡು ಬಂಡಿ ಹೂಡುವ ಮುನ್ನ ಒಕ್ಕಲಿಗನು ಅಚ್ಚಿಗೆ ಕೀಲೆಣ್ಣೆ ಹಚ್ಚದೆ ಹೊರಡುತ್ತಿರಲಿಲ್ಲ. ಎಣ್ಣೆ ಕಾಣದ ಅಚ್ಚು ದಾರಿಯುದ್ದಕ್ಕೂ ಕಿರುಗುಟ್ಟಿ ಒಡೆಯನ ಅಲಕ್ಷ್ಯವನ್ನು ಊರಿಗೆಲ್ಲ ಸಾರುತ್ತಿತ್ತು. ಅದರ ಭಾರ ಎತ್ತುಗಳ ಹೆಗಲಿನ ಮೇಲೆ ಬೀಳುತ್ತಿತ್ತು. ಎತ್ತು ಏದುಸಿರು ಬಿಡುತ್ತಿತ್ತು, ಕೊನೆಗೆ ನಿಂತುಬಿಡುತ್ತಿತ್ತು. ಇಂದು ಎತ್ತಿನ ಸ್ಥಾನಕ್ಕೆ ಎಂಜಿನ್ನು ಬಂದಿದೆ. ಎಂಜಿನ್ನಿಗೆ ಆ ಬಗೆಯ ಬಾಯಿಲ್ಲ. ಒಣಗಿದ ಚೈನನ್ನೂ ಅದು ಬಹುಕಾಲ ಎಳೆದುಕೊಂಡೇ ಹೋಗುತ್ತದೆ. ಆದುದರಿಂದ ಹಿಂದೆ ಎತ್ತಿನ ಸಂಕಟ ನೆನಪಿಸುತ್ತಿದ್ದ ಕರ್ತವ್ಯವನ್ನು ಈಗ ನಾವೇ ನೆನೆಯಬೇಕಾಗಿದೆ.

ಚೈನಿನ ರಚನೆಯನ್ನು ಒಮ್ಮೆ ಗಮನಿಸಿ. ಈಗ ಎಲ್ಲೆಡೆ ಬಳಕೆಯಲ್ಲಿರುವ ರೋಲರ್ ಚೈನನ್ನು ೧೮೮೦ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಹಾನ್ಸ್ ರೆನಾಲ್ಡ್ ಎಂಬ ಎಂಜಿನಿಯರನು ರೂಪಿಸಿದನು. ಉಕ್ಕಿನ ಪಟ್ಟಿಗಳ ನಡುವೆ ಒಂದು ಪಿನ್ನು, ಪಿನ್ನಿನ ಸುತ್ತ ಬುಷ್ ಎಂಬ ಸಣ್ಣ ಕೊಳವೆ, ಅದರ ಸುತ್ತ ಉರುಳುವ ರೋಲರು. ಇಂತಹ ಸುಮಾರು ನೂರು ಕೀಲುಗಳು ಸೇರಿ ಒಂದು ಚೈನು. ಹಳೆಯ ಚೈನು ಎಳೆತಕ್ಕೆ ಸಿಕ್ಕಿ ಉದ್ದವಾಯಿತೆಂದು ಜನ ಹೇಳುವುದುಂಟು. ವಾಸ್ತವದಲ್ಲಿ ಪಟ್ಟಿಗಳು ಹಿಗ್ಗುವುದಿಲ್ಲ. ಪಿನ್ನು ಮತ್ತು ಬುಷ್ಷುಗಳ ನಡುವೆ, ಯಾರ ಕಣ್ಣಿಗೂ ಬೀಳದ ಆ ಒಳಜಾಗದಲ್ಲಿ, ಲೋಹ ಸವೆಯುತ್ತದೆ. ಒಂದೊಂದು ಕೀಲಿನ ಸವೆತ ಕೂದಲೆಳೆಯಷ್ಟಿದ್ದರೂ ನೂರು ಕೀಲುಗಳದ್ದು ಕೂಡಿದಾಗ ಒಂದು ಸೆಂಟಿಮೀಟರಿನಷ್ಟಾಗುತ್ತದೆ. ಆಗ ಚೈನು ಹಲ್ಲುಗಳ ಮೇಲೆ ಸರಿಯಾಗಿ ಕೂಡುವುದಿಲ್ಲ; ಹಲ್ಲುಗಳು ಕೊಕ್ಕೆಯಂತೆ ಬಾಗುತ್ತವೆ; ಒಂದು ದಿನ ಚೈನು ಜಾರಿ ಕಳಚುತ್ತದೆ, ಇಲ್ಲವೆ ತುಂಡಾಗುತ್ತದೆ. ಮನುಷ್ಯನ ನಡತೆ ಕೆಡುವ ಕ್ರಮವೂ ಬಹುಮಟ್ಟಿಗೆ ಹೀಗೆಯೇ ಅಲ್ಲವೆ?

ನಮ್ಮ ಸೀಮೆಯಲ್ಲಿ ಈ ಸವೆತ ಇನ್ನೂ ಬೇಗ ಆಗುತ್ತದೆ. ಸಂಡೂರಿನ ಬೆಟ್ಟಗಳಿಂದ ಹೊಸಪೇಟೆಯತ್ತ ಅದಿರಿನ ಲಾರಿಗಳು ಓಡಾಡುವ ರಸ್ತೆಯಲ್ಲಿ ಕೆಂಪು ಧೂಳು ಬಟ್ಟೆಯ ಮೇಲೆ ಮಾತ್ರವಲ್ಲ, ಚೈನಿನ ಮೇಲೂ ಕೂಡುತ್ತದೆ. ಕಂಪ್ಲಿಯ ಕಡೆ ಗದ್ದೆಯ ಕೆಸರು ಮೆತ್ತಿ ಒಣಗುತ್ತದೆ. ಇಂತಹ ಚೈನಿನ ಮೇಲೆ ಅವಸರದಿಂದ ಎಣ್ಣೆ ಸುರಿದರೆ ಏನಾಗುವುದು? ಎಣ್ಣೆ ಅದಿರಿನ ಕಣಗಳೊಡನೆ ಬೆರೆತು ಸಾಣೆಯ ಲೇಪವಾಗುತ್ತದೆ, ರಕ್ಷಿಸಬೇಕಾದದ್ದೇ ಅರೆಯತೊಡಗುತ್ತದೆ. ಮೇಲುನೋಟಕ್ಕೆ ಮಾತ್ರ ಚೈನು ಹೊಳೆಯುತ್ತಿರುತ್ತದೆ.

ಆದುದರಿಂದ ಬಲ್ಲವರು ಹೇಳುವ ಕ್ರಮವಿದು. ಎಂಜಿನ್ನನ್ನು ಆರಿಸಿರಬೇಕು, ಓಡುತ್ತಿರುವ ಚೈನಿಗೆ ಬಟ್ಟೆ ಹಿಡಿಯುವವನ ಬೆರಳು ಹಲ್ಲಿಗೆ ಸಿಕ್ಕುವುದು ಒಂದು ಕ್ಷಣದ ಮಾತು. ಗಾಡಿಯನ್ನು ಸೆಂಟರ್ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ನ್ಯೂಟ್ರಲ್ಲಿಗೆ ತಂದು, ಹಿಂದಿನ ಚಕ್ರವನ್ನು ಕೈಯಿಂದ ತಿರುಗಿಸುತ್ತ, ಸೀಮೆಎಣ್ಣೆಯಲ್ಲಿ ಅಥವಾ ಅಂಗಡಿಯಲ್ಲಿ ಸಿಗುವ ಚೈನ್ ಕ್ಲೀನರಿನಲ್ಲಿ ಅದ್ದಿದ ಮೆತ್ತನೆಯ ಬ್ರಷ್ಷಿನಿಂದ ಉಜ್ಜಬೇಕು. ಕೆಲವು ಚೈನುಗಳಲ್ಲಿ ಗ್ರೀಸನ್ನು ಒಳಗೇ ಹಿಡಿದಿಡುವ ರಬ್ಬರ್ ಉಂಗುರಗಳಿರುತ್ತವೆ. ಪೆಟ್ರೋಲು ಮತ್ತು ತಂತಿಯ ಬ್ರಷ್ಷು ಅವನ್ನು ಕೆಡಿಸುತ್ತವೆ. ಒಣಬಟ್ಟೆಯಿಂದ ಒರೆಸಿ, ಆರಿದ ಮೇಲೆ ಗೇರ್ ಆಯಿಲನ್ನೋ ಚೈನ್ ಲ್ಯೂಬನ್ನೋ ಚೈನಿನ ಒಳಮಗ್ಗುಲಿಗೆ ಹನಿಸಬೇಕು. ಚಕ್ರ ತಿರುಗಿದಂತೆ ಅದು ಹೊರಮುಖವಾಗಿ ಹರಿದು ಕೀಲಿಗೆ ಇಳಿಯುತ್ತದೆ. ಸ್ವಲ್ಪ ಹೊತ್ತಿನ ನಂತರ, ಮೇಲೆ ಉಳಿದದ್ದನ್ನು ಒರೆಸಿ ತೆಗೆಯಬೇಕು. ಹೆಚ್ಚಾದ ಎಣ್ಣೆ ಮತ್ತೆ ಧೂಳನ್ನು ಕರೆಯುತ್ತದೆ. ಐನೂರರಿಂದ ಸಾವಿರ ಕಿಲೋಮೀಟರಿಗೊಮ್ಮೆ, ಧೂಳಿನ ದಾರಿಯಲ್ಲಿ ಇನ್ನೂ ಬೇಗ, ಇದು ನಡೆಯಬೇಕು. ಚೈನಿನ ಬಿಗಿತವನ್ನೂ ಗಾಡಿಯ ಕೈಪಿಡಿ ಹೇಳಿದ ಅಳತೆಗೆ ಇಟ್ಟುಕೊಳ್ಳಬೇಕು. ಅತಿ ಸಡಿಲವೂ ಕೇಡು, ಅತಿ ಬಿಗಿಯೂ ಕೇಡು.

ಮೊದಲು ಕೊಳೆ ಕಳೆಯುವುದು, ಆಮೇಲೆ ಎಣ್ಣೆ. ಈ ಕ್ರಮವನ್ನು ತಿರುವುಮುರುವು ಮಾಡುವವರು ಗ್ಯಾರೇಜಿನಲ್ಲಿ ಮಾತ್ರ ಇದ್ದಾರೆಂದು ತಿಳಿಯಬೇಡಿ. ಅಣ್ಣತಮ್ಮಂದಿರ ನಡುವೆ ಪಾಲಿನ ವಿಷಯದಲ್ಲಿ ಆದ ಅನ್ಯಾಯವನ್ನು ಹಾಗೆಯೇ ಬಿಟ್ಟು, ಹಬ್ಬದ ದಿನ ಸಿಹಿಮಾತು ಸುರಿಯುವ ಮನೆಗಳಿವೆ. ದುಡಿದವರ ಕೂಲಿಯನ್ನು ಉಳಿಸಿಕೊಂಡು ಜಾತ್ರೆಯಲ್ಲಿ ದೊಡ್ಡ ಕಾಣಿಕೆ ಸಲ್ಲಿಸುವವರಿದ್ದಾರೆ. ಕೊಳೆಯ ಮೇಲೆ ಬಿದ್ದ ಎಣ್ಣೆಯಂತೆ ಆ ಮಾತು, ಆ ಕಾಣಿಕೆ ಒಳಗಿನ ಕೀಲನ್ನು ಇನ್ನಷ್ಟು ಸವೆಸುತ್ತವೆ.

ಈಗ ಮೂಲ ಪ್ರಶ್ನೆಗೆ ಬರೋಣ. ತನ್ನ ಗಾಡಿಗೆ ತಾನು ಎಣ್ಣೆ ಹಾಕಿಕೊಳ್ಳುವವನು ಸ್ವಾರ್ಥಿಯೇ ಹೊರತು ಧರ್ಮಿಷ್ಠನು ಹೇಗಾದಾನು ಎಂದು ನೀವು ಕೇಳಬಹುದು. ಆಕ್ಷೇಪಣೆ ಸಣ್ಣದಲ್ಲ. ಇದನ್ನು ಒರೆಹಚ್ಚಲು ಎರಡು ಸಂದರ್ಭಗಳನ್ನು ಕಲ್ಪಿಸಿಕೊಳ್ಳಿ. ನಾಳೆ ಗಾಡಿಯನ್ನು ಮಾರಲಿರುವವನು ಇಂದು ಅದರ ಚೈನನ್ನು ತೊಳೆಯುವನೆ, ಅಥವಾ ಟ್ಯಾಂಕನ್ನು ಮಾತ್ರ ಉಜ್ಜಿ ಹೊಳಪಿಸುವನೆ? ಹಂಪಿಯನ್ನು ನೋಡಲು ಬರುವ ಪ್ರವಾಸಿಗಳಿಗೆ ಗಾಡಿ ಬಾಡಿಗೆಗೆ ಕೊಡುವವನು, ಇನ್ನೆಂದೂ ಮುಖ ಕಾಣದ ಆ ಪರಸ್ಥಳದವನಿಗಾಗಿ ಕೀಲಿಗೆ ಎಣ್ಣೆ ಬಿಡುವನೆ? ಬಹಳಷ್ಟು ಗಾಡಿಗಳಲ್ಲಿ ಚೈನು ಮುಚ್ಚಿದ ಕವರಿನೊಳಗಿರುತ್ತದೆ. ಆ ಕವರು ಧೂಳನ್ನು ತಡೆಯುವಂತೆಯೇ ನೋಡುವವರ ಕಣ್ಣನ್ನೂ ತಡೆಯುತ್ತದೆ. ಯಾರಿಗೂ ಕಾಣದು, ಯಾರೂ ಕೇಳರು, ತನಗೆ ಲಾಭವಿಲ್ಲ. ಆದರೂ ಮಾಡಿದನೆಂದರೆ ಜಾಣತನದ ಗಡಿ ಅಲ್ಲಿಗೆ ಮುಗಿಯಿತು, ಧರ್ಮದ ಗಡಿ ಆರಂಭವಾಯಿತು. ತನ್ನ ಸ್ವಂತ ಗಾಡಿಯಲ್ಲಿ ಹೋಗುವವನೂ ಒಬ್ಬನೇ ಹೋಗುವುದಿಲ್ಲ. ಹಿಂದೆ ಹೆಂಡತಿ ಇರುತ್ತಾಳೆ, ಮುಂದೆ ಮಗು ಕುಳಿತಿರುತ್ತದೆ, ಎದುರಿನಿಂದ ಅಪರಿಚಿತನೊಬ್ಬನು ಬರುತ್ತಿರುತ್ತಾನೆ. ಕಳಚಿದ ಚೈನು ಸಿಕ್ಕಿಕೊಂಡು ಚಕ್ರವನ್ನು ಹಿಡಿದರೆ ಅವರೆಲ್ಲರ ಪ್ರಾಣಕ್ಕೂ ಅಪಾಯ.

ಈ ಶುಚಿತ್ವಕ್ಕೆ ಇನ್ನೊಂದು ಮುಖವಿದೆ. ತೊಳೆದ ಸೀಮೆಎಣ್ಣೆ, ಕಪ್ಪು ಜಿಡ್ಡು ಎಲ್ಲಿಗೆ ಹೋಗಬೇಕು? ಹೊಸಪೇಟೆಯಿಂದ ಕಂಪ್ಲಿಯವರೆಗೆ ವಿಜಯನಗರದ ಅರಸರ ಕಾಲದ ಕಾಲುವೆಗಳು ಇಂದಿಗೂ ಹರಿಯುತ್ತಿವೆ. ಅವುಗಳ ದಂಡೆಯ ಮೇಲೆ ಗಾಡಿ ನಿಲ್ಲಿಸಿ ತೊಳೆದರೆ ನನ್ನ ಚೈನು ಶುದ್ಧವಾಗುತ್ತದೆ, ಕೆಳಗಿನ ಊರಿನ ನೀರು ಮೈಲಿಗೆಯಾಗುತ್ತದೆ. ನನ್ನ ಕೊಳೆಯನ್ನು ನೆರೆಯವನಿಗೆ ದಾಟಿಸುವುದು ಶುಚಿತ್ವವಾಗಲಾರದು. ಅದನ್ನು ಒಂದು ತಟ್ಟೆಯಲ್ಲಿ ಹಿಡಿದು, ಡಬ್ಬಿಯಲ್ಲಿ ಸಂಗ್ರಹಿಸಿ, ಹಳೆಯ ಆಯಿಲನ್ನು ಕೊಳ್ಳುವವರಿಗೆ ಒಪ್ಪಿಸುವ ಗ್ಯಾರೇಜಿಗೆ ಕೊಡುವಷ್ಟು ಸಹನೆ ನಮಗಿರಬೇಕು.

ಚೈನಿನ ಮಾತು ಕೇವಲ ಗಾಡಿಯ ಮಾತಲ್ಲವೆಂಬುದನ್ನು ನಮ್ಮ ಸೀಮೆ ಕಣ್ಣಾರೆ ಕಂಡಿದೆ. ೨೦೨೪ರ ಆಗಸ್ಟ್ ೧೦ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ ಹತ್ತೊಂಬತ್ತನೆಯ ಗೇಟು ಅದರ ಸರಪಣಿ ತುಂಡಾಗಿ ನೀರಿನಲ್ಲಿ ಕೊಚ್ಚಿಹೋಯಿತು. ಜಲಾಶಯ ಆಗ ತುಂಬಿ ನಿಂತಿತ್ತು. ಒತ್ತಡವನ್ನು ತಗ್ಗಿಸಲು ಉಳಿದ ಗೇಟುಗಳನ್ನೂ ತೆರೆಯಬೇಕಾಯಿತು. ಬೆಳೆಗೆಂದು ಕೂಡಿಟ್ಟ ಅಪಾರ ನೀರು ನದಿಯ ಪಾಲಾಯಿತು. ಹರಿಯುವ ನೀರಿನ ನಡುವೆಯೇ ಉಕ್ಕಿನ ಹಲಗೆಗಳನ್ನಿಳಿಸಿ ಒಂದು ವಾರದೊಳಗೆ ಆ ಬಾಯನ್ನು ಮುಚ್ಚಿದವರ ಸಾಹಸವನ್ನು ನಾಡೆಲ್ಲ ಕೊಂಡಾಡಿತು. ಅದು ಯುಕ್ತವೇ. ಆದರೆ ಅದಕ್ಕೆ ಮುನ್ನ ಸುಮಾರು ಎಪ್ಪತ್ತು ವರ್ಷ ಆ ಅಣೆಕಟ್ಟಿನ ಮೂವತ್ತಮೂರು ಗೇಟುಗಳ ಸರಪಣಿಗಳನ್ನು ನೋಡಿಕೊಂಡು ಬಂದ ಕೆಲಸಗಾರರ ಹೆಸರನ್ನು ನಮ್ಮಲ್ಲಿ ಯಾರು ಬಲ್ಲೆವು? ಅವರ ಕೆಲಸ ಫಲಿಸಿದ ಸಾವಿರಾರು ರಾತ್ರಿಗಳಲ್ಲಿ ಏನೂ ನಡೆಯಲಿಲ್ಲ. ಹೊಲಗಳಿಗೆ ನೀರು ಬಂತು, ನಾವು ನಿಶ್ಚಿಂತೆಯಿಂದ ನಿದ್ರಿಸಿದೆವು.

ಮಠದ ಪ್ರಸಾದನಿಲಯದಲ್ಲಿ ಓದಿ ಬೆಳೆದ ಬಂಧುಗಳೇ, ಸರದಿಯಂತೆ ಪಾತ್ರೆ ತೊಳೆದು ಅಂಗಳ ಗುಡಿಸಿದ ದಿನಗಳು ನಿಮಗೆ ನೆನಪಿರಬಹುದು. ನಾಳೆ ಮತ್ತೆ ಕಸ ಬೀಳುವುದೆಂದು ಯಾರೂ ಇಂದಿನ ಗುಡಿಸುವಿಕೆಯನ್ನು ವ್ಯರ್ಥವೆನ್ನಲಿಲ್ಲ. ಕಾಯಕವೆಂಬ ಮಾತಿನಲ್ಲಿ ಹೊಸದನ್ನು ಕಟ್ಟುವಷ್ಟೇ ಇದ್ದುದನ್ನು ಕೆಡದಂತೆ ಕಾಯುವುದೂ ಸೇರಿದೆ. ಈ ವಾರ ಒಂದು ಅರ್ಧ ಗಂಟೆ ಬಿಡುವು ಮಾಡಿಕೊಳ್ಳಿ. ಗಾಡಿಯ ಚೈನನ್ನು ತೊಳೆದು ಎಣ್ಣೆ ಹಾಕಿ. ಮನೆಯ ಹುಡುಗನನ್ನು ಜೊತೆಗೆ ಕೂರಿಸಿಕೊಂಡು ಕಲಿಸಿ. ಗಾಡಿಯನ್ನು ಗ್ಯಾರೇಜಿಗೆ ಕೊಡುವವರಾದರೆ, ಆ ಕಪ್ಪು ಕೈಗಳಿಗೆ ಕೂಲಿಯ ಜೊತೆಗೆ ಒಂದು ಒಳ್ಳೆಯ ಮಾತನ್ನೂ ಕೊಡಿ. ಏನೂ ಆಗದೆ ಸುಖವಾಗಿ ಮನೆ ಸೇರಿದ ಪ್ರತಿಯೊಂದು ಸಂಜೆಯ ಹಿಂದೆಯೂ ಯಾರೋ ಒಬ್ಬರು ಕಾಣದ ಕೀಲಿಗೆ ಹಾಕಿದ ಎಣ್ಣೆಯಿರುತ್ತದೆ.