ನೋಡುವುದು, ನೋಡಿಕೊಳ್ಳುವುದು

ಮೂರು ತಿಂಗಳ ಕಾಲ ದಿನಾ ಬೆಳಿಗ್ಗೆ ಪುಣೆಯಲ್ಲಿ ಕೂತು ನಾನು ನೋಡುತ್ತಿದ್ದದ್ದು ಅಪ್ಪನ ರಕ್ತದೊತ್ತಡ ಅಲ್ಲ, ಅವ್ವನದು. ಇದು ಗೊತ್ತಾಗಿದ್ದು ಯುಗಾದಿಗೆ ಊರಿಗೆ ಹೋದಾಗ.

ಅದರ ಹಿಂದಿನ ದೀಪಾವಳಿಗೆ ರಾಣೆಬೆನ್ನೂರಿಗೆ ಹೋಗುವಾಗ ಬ್ಲೂಟೂತ್ ಇರುವ ಬಿಪಿ ಮಷಿನ್ ಒಂದನ್ನು ಒಯ್ದಿದ್ದೆ. ಅಪ್ಪನ ಫೋನಿಗೆ ಆ್ಯಪ್ ಹಾಕಿದೆ. 'ನನಗೆ ಒಪ್ಪಿಗೆ ಇದೆ' ಎಂದು ಬಂದಲ್ಲೆಲ್ಲ ನಾನೇ ಒತ್ತಿದೆ. ಅಂಕಿಗಳು ನನ್ನ ಫೋನಿಗೂ ಬರುವ ಹಾಗೆ ಮಾಡಿಕೊಂಡೆ. ಅವರು ಏಳು ಗಂಟೆಗೆ ತೋಳಿಗೆ ಪಟ್ಟಿ ಸುತ್ತಿಕೊಂಡರೆ ಏಳೂ ಐದಕ್ಕೆ ನನಗೆ ಸುದ್ದಿ. 158/94 ಅಂತ ಬಂದರೆ ತಕ್ಷಣ ಫೋನು. "ಗುಳಿಗಿ ತಗೊಂಡ್ರಿಲ್ಲೋ? ಮತ್ತ ಉಪ್ಪಿನಕಾಯಿ ತಿಂದ್ರೇನು?" ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ತಿನ್ನಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ ಎಂಬುದನ್ನು, ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದ ಮನುಷ್ಯನಿಗೆ ವಾರಕ್ಕೆ ನಾಲ್ಕು ಸಲ ಹೇಳುತ್ತಿದ್ದೆ.

ಹೊಸ ವರ್ಷದ ಹೊತ್ತಿಗೆ ಅಂಕಿ ಇಳಿಯಿತು. 124/78, 122/76. ಗೆರೆ ನೆಟ್ಟಗೆ, ಹಸಿರು ಬಣ್ಣದಲ್ಲಿ. ಆಫೀಸಿನ ಕ್ಯಾಂಟೀನಿನಲ್ಲಿ ನಾಲ್ಕು ಜನರಿಗೆ ತೋರಿಸಿದ್ದೂ ಉಂಟು. ಊರು ಬಿಟ್ಟು 500 ಕಿಲೋಮೀಟರಿಗೂ ದೂರ ಇದ್ದರೂ ಮಗನ ಕೆಲಸ ನಿಂತಿಲ್ಲ ಎಂಬ ಹೆಮ್ಮೆ. ಹೆಮ್ಮೆಗಿಂತ ಹೆಚ್ಚಾಗಿ ಅದು ಬಿಡುಗಡೆ ಎಂದು ಈಗ ಅನ್ನಿಸುತ್ತದೆ. ಅಂಕಿ ಸರಿ ಇದ್ದ ದಿನ ನಾನು ಮನೆಗೆ ಫೋನ್ ಮಾಡುತ್ತಲೇ ಇರಲಿಲ್ಲ.

ಯುಗಾದಿಯ ಬೆಳಿಗ್ಗೆ ರಾತ್ರಿ ಬಸ್ಸಿನಿಂದ ಇಳಿದು ಮನೆಗೆ ಹೋದೆ. ಅಪ್ಪ ಪೇಪರ್ ಓದುತ್ತಿದ್ದರು. ಪಡಸಾಲೆಯಲ್ಲಿ ಅವ್ವ ಪಟ್ಟಿಯೊಳಗೆ ಕೈ ಹಾಕಿಕೊಂಡು ಕೂತಿದ್ದಳು. ನನ್ನನ್ನು ನೋಡಿ ಕೈ ಎಳೆದುಕೊಳ್ಳಲು ಹೋದಳು, ಆದರೆ ಪಟ್ಟಿಗೆ ಗಾಳಿ ತುಂಬಿತ್ತು. "ನೀ ಫೋನಿನ್ಯಾಗ ಒದರತೀ. ಅವರಿಗೆ ದಿನಾ ಬೈಸ್ಕೊಳ್ಳೂದು, ನಿನಗ ದಿನಾ ಚಿಂತಿ. ಅದಕ್ಕ ನಾನ ಕೈ ಕೊಟ್ಟೆ," ಅಂದಳು. ಅಪ್ಪನ ತೋಳಿಗೆ ಸುತ್ತಿ ನೋಡಿದರೆ 164/96. ಅವತ್ತೇ ಸಂಜೆ ಡಾಕ್ಟರ ಹತ್ತಿರ ಹೋದೆವು. ಅವರು ಗುಳಿಗೆ ಬದಲಿಸಿದರು. ಏನೂ ಆಗಿರಲಿಲ್ಲ, ಅದೃಷ್ಟ. ಈ ರೋಗ ಸದ್ದು ಮಾಡದೆ ಇದ್ದು, ಒಂದು ದಿನ ಪಾರ್ಶ್ವವಾಯುವಾಗಿಯೋ ಹೃದಯಾಘಾತವಾಗಿಯೋ ಮಾತಾಡುತ್ತದೆ.

ಮೊದಲು ಬಂದದ್ದು ಸಿಟ್ಟು. ಸುಳ್ಳು ಹೇಳಿದಿರಲ್ಲ ಎಂದು. ವಾಪಸು ಬರುವ ಬಸ್ಸಿನಲ್ಲಿ ಪ್ರಶ್ನೆ ತಿರುಗಿ ನಿಂತಿತು: ಈ ಸುಳ್ಳು ಯಾರದು?

ನನ್ನ ಉದ್ಯೋಗದಲ್ಲಿ ಇದಕ್ಕೊಂದು ಹೆಸರಿದೆ, ಕಲ್ಲಂಗಡಿ ಪ್ರಾಜೆಕ್ಟ್. ಹೊರಗೆ ಹಸಿರು, ಒಳಗೆ ಕೆಂಪು. ಪ್ರತಿ ವಾರದ ವರದಿಯಲ್ಲಿ ಎಲ್ಲ ಸರಿ ಇರುತ್ತದೆ, ಗಡುವಿನ ಹಿಂದಿನ ದಿನ ಕತ್ತರಿಸಿ ನೋಡಿದರೆ ಗೊತ್ತಾಗುತ್ತದೆ. ಹುಡುಗರು ಕೆಟ್ಟವರು ಎಂದಲ್ಲ. ಕೆಂಪು ತೋರಿಸಿದವನಿಗೆ ಮೀಟಿಂಗಿನಲ್ಲಿ ಏನಾಯಿತು ಎಂದು ಉಳಿದವರು ನೋಡಿರುತ್ತಾರೆ. ನಿಜ ಹೇಳುವುದನ್ನು ದುಬಾರಿ ಮಾಡಿದವನಿಗೆ ಸುಳ್ಳಿನಲ್ಲಿ ಪಾಲಿದೆ ಎಂದು ಹೊಸ ಮ್ಯಾನೇಜರುಗಳಿಗೆ ನಾನೇ ಪಾಠ ಹೇಳಿದ್ದೇನೆ. ಮನೆಯಲ್ಲಿ ಅದೇ ನಾನು ಮೀಟಿಂಗ್ ನಡೆಸುತ್ತಿದ್ದೆ.

ಡಾಕ್ಟರನ್ನು ಕಂಡ ಕೂಡಲೇ ಕೆಲವರ ಒತ್ತಡ ಏರುವುದಕ್ಕೆ 'ಬಿಳಿ ಕೋಟಿನ ಪರಿಣಾಮ' ಎನ್ನುತ್ತಾರೆ. ಅದಕ್ಕೇ ಆಸ್ಪತ್ರೆಯಲ್ಲಿ 140/90 ಎನ್ನುವ ಗಡಿಯನ್ನು ಮನೆಯಲ್ಲಿ ಅಳೆದಾಗ 135/85ಕ್ಕೆ ಇಳಿಸುತ್ತಾರೆ. ಮನೆಯಲ್ಲಿ ಮನುಷ್ಯ ನಿರಾಳವಾಗಿರುತ್ತಾನೆ ಎಂಬ ನಂಬಿಕೆ. ನಾನು ಆ ಕೋಟನ್ನು ಮನೆಯೊಳಗೇ ತೂಗುಹಾಕಿ ಬಂದಿದ್ದೆ.

ನಮ್ಮ ಭಾಷೆ ಈ ವಿಷಯದಲ್ಲಿ ಚುರುಕಾಗಿದೆ. ನೋಡುವುದು ಬೇರೆ, ನೋಡಿಕೊಳ್ಳುವುದು ಬೇರೆ. ಆ್ಯಪ್ ನನಗೆ ಕೊಟ್ಟದ್ದು ಮೊದಲನೆಯದನ್ನು, ನಾನು ತಿಳಿದುಕೊಂಡದ್ದು ಎರಡನೆಯದೆಂದು. ವಿಚಾರಿಸುವುದಕ್ಕೂ ವಿಚಾರಿಸಿಕೊಳ್ಳುವುದಕ್ಕೂ ಅಷ್ಟೇ ಅಂತರ. ಅಪ್ಪನನ್ನು ನಾನು ವಿಚಾರಿಸಿಕೊಳ್ಳುತ್ತಿದ್ದೆ.

ಹಾಗಂತ ಮಷಿನನ್ನು ಅಟ್ಟಕ್ಕೆ ಹಾಕಿ ಎಂದು ನಾನು ಹೇಳಲಾರೆ. ಆಸ್ಪತ್ರೆಯಲ್ಲಿ ಒಮ್ಮೆ ನೋಡಿದ್ದಕ್ಕಿಂತ ಮನೆಯಲ್ಲಿ ಒಂದು ವಾರ ನೋಡಿದ್ದು ಡಾಕ್ಟರಿಗೆ ಹೆಚ್ಚು ಹೇಳುತ್ತದೆ. ಮೇಲಾಗಿ ಯಂತ್ರಕ್ಕೆ ಒಂದು ದೊಡ್ಡ ಗುಣವಿದೆ, ಅದು ಬೈಯುವುದಿಲ್ಲ. 1966ರಲ್ಲಿ ಎಂಐಟಿಯ ಜೋಸೆಫ್ ವೈಝನ್‌ಬಾಮ್ ಎಲೈಝಾ ಎಂಬ ಪ್ರೋಗ್ರಾಮನ್ನು ಪ್ರಕಟಿಸಿದರು. ನಾವು ಟೈಪ್ ಮಾಡಿದ್ದನ್ನೇ ಮನೋವೈದ್ಯರ ಹಾಗೆ ಪ್ರಶ್ನೆಯಾಗಿ ತಿರುಗಿಸುವುದಷ್ಟೇ ಅದರ ಕೆಲಸ. ಅದು ಬರೀ ಪ್ರೋಗ್ರಾಮ್ ಎಂದು ಚೆನ್ನಾಗಿ ಬಲ್ಲ ಅವರ ಸೆಕ್ರೆಟರಿಯೇ ನಾಲ್ಕು ಮಾತು ಟೈಪ್ ಮಾಡಿದ ಮೇಲೆ, ಸ್ವಲ್ಪ ಹೊರಗೆ ಹೋಗಿ ಎಂದು ಅವರನ್ನೇ ಕೇಳಿಕೊಂಡರಂತೆ. ಯಂತ್ರವನ್ನು ಜನ ಮನುಷ್ಯನೆಂದು ನಂಬುತ್ತಾರಲ್ಲ ಎಂದು ವೈಝನ್‌ಬಾಮ್ ಗಾಬರಿಯಾದರು. ನನಗೆ ಅದರಲ್ಲಿ ಇನ್ನೊಂದು ಕಾಣುತ್ತದೆ: ಬೆನ್ನ ಹಿಂದೆ ಯಾರೂ ನಿಂತಿರಬಾರದು, ಅದನ್ನು ಮಾಡಿದವನೂ.

ಬೆನ್ನ ಹಿಂದೆ ಯಾರೋ ನಿಂತರೆ ಹೇಗಿರುತ್ತದೆ ಎಂಬುದು ಜೂನ್‌ನಲ್ಲಿ ನನಗೇ ಗೊತ್ತಾಯಿತು. ಕಂಪನಿಯವರು ಎಲ್ಲರಿಗೂ ಮಾನಸಿಕ ಆರೋಗ್ಯದ ಆ್ಯಪ್ ಒಂದನ್ನು ಕೊಟ್ಟರು. ಅದರಲ್ಲಿ ಪಿಎಚ್‌ಕ್ಯೂ-9 ಎಂಬ ಪ್ರಶ್ನಾವಳಿ. ಒಂಬತ್ತು ಪ್ರಶ್ನೆ, ಕಳೆದ ಎರಡು ವಾರದ ಬಗ್ಗೆ, ಒಂದೊಂದಕ್ಕೆ 0ಯಿಂದ 3, ಒಟ್ಟು 27. ಖಿನ್ನತೆಯನ್ನು ಗುರುತಿಸಲು ಡಾಕ್ಟರುಗಳು ಎಲ್ಲೆಡೆ ಬಳಸುವ ಒಳ್ಳೆಯ ಸಾಧನ. ನಿದ್ದೆಯ ಪ್ರಶ್ನೆಗೆ ಬಂದಾಗ ಬೆರಳು ನಿಂತಿತು. ಆ ಹೊತ್ತಿಗೆ ರಾತ್ರಿ ಎರಡಕ್ಕೆ ಎಚ್ಚರಾಗಿ ಬೆಳಗಿನ ತನಕ ಫ್ಯಾನು ನೋಡುವುದು ನನಗೆ ರೂಢಿಯಾಗಿತ್ತು. ಉತ್ತರಗಳು ಒಟ್ಟು ತಂಡದ ಸರಾಸರಿಯಾಗಿ ಮಾತ್ರ ಆಡಳಿತಕ್ಕೆ ಹೋಗುತ್ತವೆ ಎಂದು ಕೆಳಗೆ ಬರೆದಿತ್ತು. ನಮ್ಮ ತಂಡ ಹನ್ನೊಂದು ಜನ. ಸರಾಸರಿಯ ಹಿಂದೆ ಹನ್ನೊಂದು ಜನ ಎಷ್ಟು ಅಡಗಿಯಾರು ಎಂಬುದು ಇಂಥ ಡ್ಯಾಶ್‌ಬೋರ್ಡುಗಳನ್ನು ಕಟ್ಟಿಸಿದ ನನಗೆ ಗೊತ್ತು. ಗುಟ್ಟಾಗಿಡುತ್ತೇವೆ ಎಂದು ಮಾತು ಕೊಟ್ಟ ಬೆಟರ್‌ಹೆಲ್ಪ್ ಎಂಬ ಆಪ್ತಸಲಹೆ ಕಂಪನಿ, ಬಳಕೆದಾರರ ಮಾಹಿತಿಯನ್ನು ಜಾಹೀರಾತಿಗಾಗಿ ಫೇಸ್‌ಬುಕ್ ಮುಂತಾದವಕ್ಕೆ ಕೊಟ್ಟಿತೆಂದು ಅಮೆರಿಕದ ವ್ಯಾಪಾರ ಆಯೋಗ 2023ರಲ್ಲಿ 78 ಲಕ್ಷ ಡಾಲರ್ ಕಟ್ಟಿಸಿಕೊಂಡದ್ದೂ ನೆನಪಿತ್ತು. ಒಂಬತ್ತಕ್ಕೂ ಸೊನ್ನೆ ಒತ್ತಿ ಮಲಗಿದೆ. ಮಲಗಿದೆ ಅಂದರೆ, ಅಡ್ಡಾದೆ.

ಪಟ್ಟಿಯೊಳಗೆ ಅವ್ವನ ಕೈ ಇದ್ದ ಹಾಗೆ, ಆ ಒಂಬತ್ತು ಸೊನ್ನೆಗಳೂ ಬೇರೆ ಯಾರದೋ.

ಆಮೇಲೆ ಒಂದು ರಾತ್ರಿ 14416ಕ್ಕೆ ಫೋನ್ ಮಾಡಿದೆ. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಟೆಲಿ-ಮಾನಸ್ ಅದು, ನಿಮ್ಹಾನ್ಸ್ ಅದರ ಬೆನ್ನೆಲುಬು. ಯಾವ ಹೊತ್ತಿನಲ್ಲೂ ಉಚಿತ, ಕನ್ನಡದಲ್ಲೂ ಮಾತಾಡಬಹುದು. ಪರ ಊರಲ್ಲಿರುವ ನಮ್ಮಂಥವರು ಬರೆದಿಟ್ಟುಕೊಳ್ಳಬೇಕಾದ ನಂಬರು. ಇಪ್ಪತ್ತು ನಿಮಿಷ ಮಾತಾಡಿದೆ. ಮಾರನೆ ದಿನ ಹೆಂಡತಿಗೆ ಹೇಳಿದೆ, ಭಾನುವಾರ ಅಪ್ಪನಿಗೆ. ಅವರು ಸುಮ್ಮನೆ ಕೇಳಿಸಿಕೊಂಡರು. ಇದಕ್ಕೆ ಮುಂಚೆ ಅವರ 158ನ್ನು ನಾನು ಒಮ್ಮೆಯೂ ಹಾಗೆ ಕೇಳಿಸಿಕೊಂಡಿರಲಿಲ್ಲ.

ಈಗ ಅಂಕಿ ನನ್ನ ಫೋನಿಗೆ ಬರುವುದಿಲ್ಲ. ಹಂಚಿಕೆ ನಿಲ್ಲಿಸಲು ಯಾವ ಗುಂಡಿ ಒತ್ತಬೇಕೆಂದು ಹೇಳಿಕೊಟ್ಟೆ, ಅಪ್ಪನೇ ಒತ್ತಿದರು. ಹಳೆಯ ಡೈರಿಯೊಂದರಲ್ಲಿ ಗಣಿತದ ಮೇಷ್ಟ್ರ ಅಕ್ಷರದಲ್ಲಿ ಕಂಬಸಾಲು ಎಳೆದು ಬರೆಯುತ್ತಾರೆ, ಡಾಕ್ಟರಿಗೆ ತೋರಿಸುತ್ತಾರೆ. ಮನಸ್ಸು ಬಂದ ಭಾನುವಾರ ಅದರ ಫೋಟೋ ನನಗೂ ವಾಟ್ಸಾಪಿಗೆ ಬರುತ್ತದೆ. ಬಾರದ ಭಾನುವಾರಗಳನ್ನು ಕಳೆಯುವುದು ಸುಲಭ ಎಂದು ನಾನೇನೂ ಹೇಳುತ್ತಿಲ್ಲ. ಎರಡು ಸಲ ತಡೆಯಲಾರದೆ ಕೇಳಿಬಿಟ್ಟಿದ್ದೇನೆ.

ಮೊನ್ನೆ ಬಂದ ಫೋಟೋದಲ್ಲಿ 146/88 ಇತ್ತು. ಪಕ್ಕದ ಅಂಚಿನಲ್ಲಿ 'ನಿನ್ನೆ ಸಂಜೆ ಮಿರ್ಚಿ, ಎರಡು' ಎಂದು ಬರೆದಿದ್ದರು. ಅದರ ಕೆಳಗೇ ಇನ್ನೊಂದು ಮೆಸೇಜು: "ನಿಂದು ನಿದ್ದಿ ಹೆಂಗೈತಿ?"

"ಎರಡಕ್ಕ ಎಚ್ಚರಾತು, ಮತ್ತ ಹತ್ತಲಿಲ್ಲ," ಎಂದು ಬರೆದೆ.